ಹಣ ಹಿಂದಿರುಗಿದರೆ ಹಾನಿ ತುಂಬಿತೇ? ಅಂತರ್ಜಾಲ ಖರೀದಿಗೆ ಮೂರನೆಯವರ ಅಡ್ಡಿ ಮತ್ತು ಕಾನೂನಿನ ಆಸರೆ

ಹಳೆಯ ನಾಣ್ಯ, ಅಂಚೆಚೀಟಿ, ಕೈಗಡಿಯಾರ, ಗ್ರಾಮೊಫೋನ್ ತಟ್ಟೆ ಮೊದಲಾದ ಸಂಗ್ರಹಯೋಗ್ಯ ವಸ್ತುಗಳನ್ನು ಅಂತರ್ಜಾಲದ ಮೂಲಕ ಕೊಳ್ಳುವ ಹವ್ಯಾಸ ನಮ್ಮ ವರ್ತಕ ಬಾಂಧವರಲ್ಲಿಯೂ ಬೇರೂರಿದೆ. ಇಂತಹ ಖರೀದಿಯೊಂದು ಕುದುರಿ, ಹಣ ಸಂದಾಯವಾದ ಮೇಲೆ, ಯಾರೋ ಮೂರನೆಯವರು ನಡುವೆ ಪ್ರವೇಶಿಸಿ ಮಾರುವವನ ಮನಸ್ಸನ್ನು ತಿರುಗಿಸಿ ವ್ಯವಹಾರವನ್ನು ಕೆಡಿಸಿದರೆ ಕೊಂಡವನಿಗೆ ಗತಿಯೇನು? “ಕೊಟ್ಟ ಹಣ ಖಾತೆಗೆ ವಾಪಸು ಬಂದಿದೆಯಲ್ಲ, ಇನ್ನೇನು ತಕರಾರು?” ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಕೆಲವು ವಕೀಲ ಮಿತ್ರರೂ ಇದನ್ನೇ ಹೇಳಿ ಕಕ್ಷಿದಾರರನ್ನು ಮನೆಗೆ ಕಳುಹಿಸುವುದುಂಟು. ಈ ಸಮಾಧಾನವು ಕಾನೂನಿನ ದೃಷ್ಟಿಯಿಂದಲೂ ಲೆಕ್ಕದ ದೃಷ್ಟಿಯಿಂದಲೂ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಕೊಂಡವನಿಗೆ ಮಾರಿದವನ ವಿರುದ್ಧ ಮಾತ್ರವಲ್ಲದೆ ಅಡ್ಡಿಪಡಿಸಿದವನ ವಿರುದ್ಧವೂ ಹಕ್ಕಿದೆ. ಆದರೆ ಆ ಹಕ್ಕಿನ ಆಯುಸ್ಸು ಬಹಳ ಕಡಿಮೆ. ಅದನ್ನು ಉಳಿಸಿಕೊಳ್ಳಲು ಮೊದಲ ಒಂದೆರಡು ದಿನಗಳಲ್ಲಿಯೇ ಮಾಡಬೇಕಾದ ಕೆಲಸಗಳಿವೆ.

ಹವ್ಯಾಸಿಗಳ ಈ ತಾಪತ್ರಯಕ್ಕೆ ವಾಣಿಜ್ಯ ಪತ್ರಿಕೆಯ ಪುಟಗಳೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ನೂಲಿನ ಆರ್ಡರನ್ನಾಗಲಿ, ಯಂತ್ರದ ಬಿಡಿಭಾಗದ ಆರ್ಡರನ್ನಾಗಲಿ ಪ್ರತಿಸ್ಪರ್ಧಿಯೊಬ್ಬ ಕೆಡಿಸಿದಾಗ ಅನ್ವಯವಾಗುವುದೂ ಬಹುಮಟ್ಟಿಗೆ ಇದೇ ಕಾನೂನು. ವ್ಯತ್ಯಾಸವೊಂದೇ: ಒಂದು ಗಿರಣಿ ನೂಲು ಕೊಡದಿದ್ದರೆ ಇನ್ನೊಂದು ಗಿರಣಿಯಿಂದ ತರಿಸಬಹುದು, ಸಂಗ್ರಹವಸ್ತು ಒಮ್ಮೆ ಕೈತಪ್ಪಿದರೆ ಮತ್ತೆ ಕಾಣಸಿಗುವುದೇ ಸಂದೇಹ. ಹೀಗಾಗಿ ಕಾನೂನಿನ ಬಲ ಮತ್ತು ದೌರ್ಬಲ್ಯ ಎರಡೂ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಗೋಚರಿಸುತ್ತವೆ.

ಒಂದು ಕಾಲ್ಪನಿಕ ಪ್ರಸಂಗವನ್ನು ತೆಗೆದುಕೊಳ್ಳೋಣ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿದ ತರುವಾಯ, ಆ ಸಂಸ್ಥೆಯ ಹಳೆಯ ಕೈಗಡಿಯಾರಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಬಂದಿರುವುದನ್ನು ಓದುಗರು ಬಲ್ಲರು. ಹುಬ್ಬಳ್ಳಿಯ ಒಬ್ಬ ಸಣ್ಣ ಉತ್ಪಾದಕರು, ಮೂಲ ಪೆಟ್ಟಿಗೆ ಮತ್ತು ಖಾತರಿ ಚೀಟಿ ಸಮೇತ ಒಂದೂ ದಿನ ಕಟ್ಟದೆ ಉಳಿದಿದ್ದ ಹನ್ನೆರಡು ಎಚ್‌ಎಂಟಿ ಗಡಿಯಾರಗಳನ್ನು ಬೇರೆ ಊರಿನ ಒಬ್ಬ ಮಾರಾಟಗಾರನಿಂದ 48,000 ರೂಪಾಯಿಗೆ ಕೊಳ್ಳಲು ಸಂದೇಶಗಳ ಮೂಲಕ ಮಾತು ಮುಗಿಸುತ್ತಾರೆ. ಮಾರುವವನು “ಒಪ್ಪಿದ್ದೇನೆ, ಹಣ ಕಳುಹಿಸಿ” ಎಂದು ಬರೆಯುತ್ತಾನೆ, ಹಣ ಹೋಗುತ್ತದೆ. ಇದನ್ನು ತಿಳಿದ ಮತ್ತೊಬ್ಬ ಸಂಗ್ರಾಹಕ ಮಾರುವವನಿಗೆ ದೂರವಾಣಿ ಮಾಡಿ, “ಆ ಮನುಷ್ಯ ವಸ್ತು ಪಡೆದು ಹಣ ಹಿಂತಿರುಗಿಸಿಕೊಳ್ಳುವ ಮೋಸಗಾರ, ನನಗೆ ಕೊಡಿ, 75,000 ಕೊಡುತ್ತೇನೆ” ಎನ್ನುತ್ತಾನೆ. ಮರುದಿನ ಬೆಳಗ್ಗೆ 48,000 ರೂಪಾಯಿ ಹಿಂದಿರುಗುತ್ತದೆ, ಜೊತೆಗೆ “ಕ್ಷಮಿಸಿ, ವಸ್ತು ಲಭ್ಯವಿಲ್ಲ” ಎಂಬ ಒಂದು ಸಾಲು. ಇಲ್ಲಿ ಕೊಂಡವರ ನಷ್ಟ ಶೂನ್ಯವೇ? ಅಂತಹ ವಸ್ತುವಿಗೆ ಅಂದಿನ ಪೇಟೆ ಬೆಲೆ 75,000 ಎಂದು ಸಿದ್ಧವಾದರೆ, ಕರಾರು ಕಾಯಿದೆಯ 73ನೇ ಕಲಮಿನ ಪ್ರಕಾರ 27,000 ರೂಪಾಯಿಯ ವ್ಯತ್ಯಾಸವೇ ನಷ್ಟ. ಅಡ್ಡಿಪಡಿಸಿದವನು ತಾನೇ ಮುಂದಿಟ್ಟ ಬೆಲೆಯೇ ಆ ಪೇಟೆ ಬೆಲೆಗೆ ಒಂದು ಸಾಕ್ಷ್ಯವಾಗಿ ನಿಲ್ಲುತ್ತದೆ. ಹಣ ಹಿಂದಿರುಗಿದುದರಿಂದ ಅಸಲು ಬಂತೇ ಹೊರತು ವ್ಯವಹಾರದ ಲಾಭ ಬರಲಿಲ್ಲ.

ಆದರೆ ಇದಕ್ಕೆಲ್ಲ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಅಡ್ಡಿ ಬಂದ ಕ್ಷಣದಲ್ಲಿ ಕರಾರು ಏರ್ಪಟ್ಟಿತ್ತೇ? ಇಂತಹ ಬಹುಪಾಲು ತಗಾದೆಗಳು ಎಡವುವುದು ಈ ಹೊಸ್ತಿಲಿನಲ್ಲಿಯೇ. ವಸ್ತುವಿನ ಚಿತ್ರ ಮತ್ತು ಬೆಲೆಯನ್ನು ಪ್ರದರ್ಶಿಸುವುದು ಅಂಗಡಿಯ ಗಾಜಿನ ಕಪಾಟಿನಲ್ಲಿ ಸರಕನ್ನು ಇಟ್ಟಂತೆ. ಅದು ಪ್ರಸ್ತಾವಕ್ಕೆ ಆಹ್ವಾನ ಮಾತ್ರ, ಪ್ರಸ್ತಾವವಲ್ಲ. ಪ್ರಸ್ತಾವ ಮಾಡುವವನು ಕೊಳ್ಳುವವನು. ಅದನ್ನು ಮಾರುವವನು ಅಂಗೀಕರಿಸಿದಾಗಲೇ ಕರಾರು. ಅನೇಕ ಮಾರಾಟ ಜಾಲತಾಣಗಳ ಷರತ್ತುಗಳಲ್ಲಿ, ಮಾರಾಟಗಾರನು ದೃಢೀಕರಿಸಿದಾಗ ಅಥವಾ ವಸ್ತುವನ್ನು ರವಾನಿಸಿದಾಗ ಮಾತ್ರ ಕರಾರು ಪೂರ್ಣವಾಗುತ್ತದೆಂದು ಬರೆದಿರುತ್ತದೆ. “ನಿಮ್ಮ ಬೇಡಿಕೆ ಸ್ವೀಕರಿಸಲಾಗಿದೆ” ಎಂಬ ಯಾಂತ್ರಿಕ ಸಂದೇಶವನ್ನೇ ಅಂಗೀಕಾರವೆಂದು ನಂಬಿ ದಾವೆ ಹೂಡಿದವರು ಷರತ್ತಿನ ಸಣ್ಣಕ್ಷರದಲ್ಲಿ ಸೋಲುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಸಂಗ್ರಾಹಕರ ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ನೇರ ವ್ಯವಹಾರದಲ್ಲಿ, ಬೆಲೆ ಮತ್ತು ವಸ್ತು ನಿಗದಿಯಾಗಿ ಮಾರುವವನು “ಒಪ್ಪಿದೆ” ಎಂದಿದ್ದರೆ ಅಷ್ಟೇ ಸಾಕು. ವಿದ್ಯುನ್ಮಾನ ರೂಪದಲ್ಲಿದೆಯೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಂ ಹೇಳುತ್ತದೆ; 2008ರ ತಿದ್ದುಪಡಿಯಿಂದ ಸೇರಿದ ಈ ಕಲಂ 2009ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ವಿಧ್ಯುಕ್ತ ಕರಾರು ಪತ್ರಕ್ಕೆ ಸಹಿ ಬೀಳದಿದ್ದರೂ ಇ-ಮೇಲುಗಳ ವಿನಿಮಯದಿಂದಲೇ ಕರಾರು ಏರ್ಪಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಹಾಗೂ ವೇದಾಂತ ಅಲ್ಯೂಮಿನಿಯಂ ನಡುವಿನ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ.

ಹರಾಜಿನ ವಿಷಯ ಬೇರೆ. ಸರಕು ಮಾರಾಟ ಕಾಯಿದೆ, 1930ರ 64ನೇ ಕಲಮಿನಂತೆ, ಸುತ್ತಿಗೆ ಬಡಿದು ಅಥವಾ ರೂಢಿಯ ಬೇರೆ ಕ್ರಮದಲ್ಲಿ ಮುಕ್ತಾಯವನ್ನು ಘೋಷಿಸಿದಾಗಲೇ ಮಾರಾಟ ಪೂರ್ಣ. ಅಲ್ಲಿಯವರೆಗೆ ಯಾವ ಸವಾಲುದಾರನೂ ತನ್ನ ಸವಾಲನ್ನು ಹಿಂಪಡೆಯಬಹುದು. ಆದ್ದರಿಂದ ಅವಧಿ ಮುಗಿಯುವ ಮೊದಲೇ ಯಾರೋ ಬೆಲೆ ಏರಿಸಿ ವಸ್ತುವನ್ನು ಒಯ್ದರೆ ಅದು ಅಡ್ಡಿಯಲ್ಲ, ಹರಾಜಿನ ಧರ್ಮ.

ಕರಾರು ಏರ್ಪಟ್ಟಿತ್ತೆಂದು ಸಾಧಿಸಲು ಸಾಧ್ಯವಿದ್ದರೆ, ಮುಂದಿನ ದಾರಿ ಓದುಗರು ಭಾವಿಸಿರುವುದಕ್ಕಿಂತ ಸುಗಮವಾಗಿದೆ. ನಮ್ಮ ಕಾನೂನು ಸಂಗ್ರಹವಸ್ತುಗಳ ವೈಶಿಷ್ಟ್ಯವನ್ನು ಇಂದು ನಿನ್ನೆ ಗುರುತಿಸಿದ್ದಲ್ಲ. 1877ರ ಹಳೆಯ ನಿರ್ದಿಷ್ಟ ಪರಿಹಾರ ಕಾಯಿದೆಯ 12ನೇ ಕಲಮಿನ ಕೆಳಗೆ, ಕಾಲವಾದ ಚಿತ್ರಕಾರನೊಬ್ಬನ ಚಿತ್ರವನ್ನೂ ಎರಡು ಅಪರೂಪದ ಚೀನೀ ಹೂದಾನಿಗಳನ್ನೂ ಮಾರಲು ಒಪ್ಪಿದವನನ್ನು ಅವುಗಳನ್ನೇ ಕೊಡುವಂತೆ ನಿರ್ಬಂಧಿಸಬಹುದೆಂಬ ದೃಷ್ಟಾಂತವಿತ್ತು. ನಷ್ಟವನ್ನು ಅಳೆಯಲು ಮಾನದಂಡವೇ ಇಲ್ಲದಿರುವುದು ಅಲ್ಲಿ ಕೊಟ್ಟ ಕಾರಣ. 1963ರ ಕಾಯಿದೆಯು ದೃಷ್ಟಾಂತಗಳನ್ನು ಕೈಬಿಟ್ಟರೂ, ಪೇಟೆಯಲ್ಲಿ ಸುಲಭವಾಗಿ ದೊರೆಯದ ಅಥವಾ ಕೊಂಡವನಿಗೆ ವಿಶೇಷ ಮೌಲ್ಯವುಳ್ಳ ಚರವಸ್ತುವಿನ ವಿಷಯದಲ್ಲಿ ಅದೇ ತತ್ತ್ವವನ್ನು ಉಳಿಸಿಕೊಂಡಿತು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಕರಾರಿನ ನಿರ್ದಿಷ್ಟ ಪಾಲನೆಯನ್ನು ನ್ಯಾಯಾಲಯದ ವಿವೇಚನೆಗೆ ಬಿಡದೆ, ಕೆಲವು ಅಪವಾದಗಳಿಗೆ ಒಳಪಟ್ಟು, ನಿಯಮವನ್ನಾಗಿಯೇ ಮಾಡಿತು. ಗುರುತಿಸಲ್ಪಟ್ಟ ನಿರ್ದಿಷ್ಟ ಸರಕಿನ ಬಗ್ಗೆ ಸರಕು ಮಾರಾಟ ಕಾಯಿದೆಯ 58ನೇ ಕಲಂ ಸಹ ಈ ಪರಿಹಾರವನ್ನು ಪ್ರತ್ಯೇಕವಾಗಿ ಹೇಳುತ್ತದೆ.

ಅದೇ ಕಾಯಿದೆಯ 20ನೇ ಕಲಂ ನಮ್ಮ ವರ್ತಕರು ಅತ್ಯಂತ ಕಡಿಮೆ ಬಳಸುವ ಅಸ್ತ್ರವೆಂದು ನನಗೆ ತೋರುತ್ತದೆ. ಷರತ್ತುರಹಿತ ಕರಾರು, ನಿರ್ದಿಷ್ಟ ವಸ್ತು, ವಿತರಣೆಗೆ ಸಿದ್ಧವಾದ ಸ್ಥಿತಿ ಈ ಮೂರೂ ಇದ್ದರೆ, ಕರಾರು ಏರ್ಪಟ್ಟ ಕ್ಷಣದಲ್ಲಿಯೇ ಒಡೆತನ ಕೊಂಡವನಿಗೆ ಸೇರುತ್ತದೆ. ಹಣ ನಾಳೆ ಸಲ್ಲಲಿ, ವಸ್ತು ನಾಡಿದ್ದು ತಲುಪಲಿ, ಅದರಿಂದ ಬಾಧಕವಿಲ್ಲ. ನಮ್ಮ ಕಾಲ್ಪನಿಕ ಪ್ರಸಂಗದ ಗಡಿಯಾರಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದವು. ಷರತ್ತುಗಳು ಬೇರೇನನ್ನೂ ಹೇಳದಿದ್ದರೆ ಅವು ಅಂದೇ ಹುಬ್ಬಳ್ಳಿಯವರ ಸ್ವತ್ತು. ಮಾರಿದವನು ಎರಡನೆಯವನಿಗೆ ಮಾರುತ್ತಿರುವುದು ಪರರ ಸ್ವತ್ತನ್ನು.

ಅಂತರ್ಜಾಲದ ಖರೀದಿಗೆ ಈ ತತ್ತ್ವವನ್ನು ಅನ್ವಯಿಸಿದ ಒಂದು ಪ್ರಸಿದ್ಧ ತೀರ್ಪು ಆಸ್ಟ್ರೇಲಿಯಾದ್ದು. ಎರಡನೇ ಮಹಾಯುದ್ಧದ ಕಾಲದ ವಿರಾವೇ ಜಾತಿಯ ಹಳೆಯ ವಿಮಾನವೊಂದನ್ನು ಅದರ ಒಡೆಯ ಈಬೇ ಹರಾಜಿಗೆ ಇಟ್ಟಿದ್ದ. ಸಂಗ್ರಾಹಕನೊಬ್ಬ ಕನಿಷ್ಠ ಬೆಲೆಯಾದ 1,50,000 ಆಸ್ಟ್ರೇಲಿಯನ್ ಡಾಲರಿಗೆ ಸವಾಲು ಹಾಕಿದ. ಅವಧಿ ಮುಗಿದಾಗ ಅವನೇ ವಿಜೇತ. ಅಷ್ಟರಲ್ಲಿ ಬೇರೊಬ್ಬರು ಒಂದು ಲಕ್ಷ ಡಾಲರು ಹೆಚ್ಚಿಗೆ ಕೊಡಲು ಒಪ್ಪಿದ್ದರಿಂದ ಒಡೆಯ ವಿಮಾನ ಕೊಡಲು ನಿರಾಕರಿಸಿದ. ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಸುಪ್ರೀಂ ಕೋರ್ಟು 2007ರಲ್ಲಿ, ಈ ಹರಾಜಿನಿಂದ ಬದ್ಧವಾದ ಕರಾರು ಏರ್ಪಟ್ಟಿದೆಯೆಂದು ಹೇಳಿ, ವಿಮಾನವನ್ನೇ ಒಪ್ಪಿಸುವಂತೆ ಆದೇಶಿಸಿತು. ನಮ್ಮ ನ್ಯಾಯಾಲಯಗಳಿಗೆ ಈ ತೀರ್ಪು ಬದ್ಧವಲ್ಲ. ಆದರೆ ಅದರ ತರ್ಕದಲ್ಲಿ ನಮ್ಮ ಕಾಯಿದೆಗೆ ಹೊರತಾದುದು ಏನೂ ಇಲ್ಲ.

ಈಗ ಮೂರನೆಯವನ ವಿಚಾರ. ಅವನಿಗೂ ಕೊಂಡವನಿಗೂ ನಡುವೆ ಯಾವ ಕರಾರೂ ಇಲ್ಲ. ಹಾಗಾದರೆ ಅವನು ಯಾವ ಕಟ್ಟಳೆಯನ್ನು ಮುರಿದ? ಇದಕ್ಕೆ ಉತ್ತರ ಕೊಟ್ಟದ್ದು 1853ರ ಇಂಗ್ಲೆಂಡಿನ ಲಮ್ಲಿ ವಿರುದ್ಧ ಗೈ ಮೊಕದ್ದಮೆ. ಲಂಡನ್ನಿನ ಒಂದು ರಂಗಮಂದಿರದಲ್ಲಿ ಹಾಡಲು ಒಪ್ಪಿದ್ದ ಗಾಯಕಿ ಯೊಹಾನಾ ವಾಗ್ನರಳನ್ನು ಪ್ರತಿಸ್ಪರ್ಧಿ ರಂಗಮಂದಿರದವನು ಹೆಚ್ಚಿನ ಸಂಭಾವನೆಯ ಆಸೆ ತೋರಿಸಿ ಸೆಳೆದ. ಇನ್ನೊಬ್ಬನ ಕರಾರನ್ನು ತಿಳಿದೂ ತಿಳಿದು ಮುರಿಸುವುದು ಸ್ವತಂತ್ರವಾದ ಒಂದು ಅಪಕೃತ್ಯ, ಅಂದರೆ ವಕೀಲರ ಭಾಷೆಯ ಟಾರ್ಟ್, ಎಂದು ನ್ಯಾಯಾಲಯ ಸಾರಿತು. ಈ ತೀರ್ಪನ್ನು ಉಲ್ಲೇಖಿಸುವವರು ಅದರ ಮುಂದಿನ ಕಥೆಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ತತ್ತ್ವ ಗೆದ್ದಿತು, ದಾವೆದಾರ ಸೋತ! ಕರಾರು ಊರ್ಜಿತದಲ್ಲಿಲ್ಲವೆಂದು ಗೈ ಪ್ರಾಮಾಣಿಕವಾಗಿ ನಂಬಿದ್ದನೆಂದು ಜ್ಯೂರಿ ತೀರ್ಮಾನಿಸಿದ್ದರಿಂದ ಅವನು ಬಚಾವಾದ. 2007ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಸಹ, ಓಬಿಜಿ ವಿರುದ್ಧ ಅಲನ್ ಮೊಕದ್ದಮೆಯಲ್ಲಿ, ಕರಾರು ಇದೆಯೆಂಬ ಮತ್ತು ತನ್ನ ಕೃತ್ಯದಿಂದ ಅದು ಮುರಿಯುತ್ತದೆಂಬ ನಿಜವಾದ ಅರಿವು ಅಡ್ಡಿಪಡಿಸಿದವನಿಗೆ ಇರಲೇಬೇಕೆಂದು ಸ್ಪಷ್ಟಪಡಿಸಿತು. ಈ ‘ಅರಿವು’ ಎಂಬ ಒಂದು ಪದದ ಮೇಲೆಯೇ ಇಡೀ ದಾವೆ ನಿಂತಿದೆಯೆಂದರೆ ತಪ್ಪಾಗಲಾರದು.

ಭಾರತದಲ್ಲಿ ಈ ಅಪಕೃತ್ಯಕ್ಕೆ ಸ್ಥಾನವಿದೆಯೇ? ಇಲ್ಲವೆಂದು ವಾದಿಸುವವರಿಗೆ ಆಧಾರವಿಲ್ಲದಿಲ್ಲ. 2020ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಐನಾಕ್ಸ್ ಮತ್ತು ಪಿವಿಆರ್ ಎಂಬ ಚಿತ್ರಮಂದಿರ ಸಂಸ್ಥೆಗಳ ಮೊಕದ್ದಮೆಯಲ್ಲಿ, ಕಟ್ಟಡದ ಮಾಲೀಕರನ್ನು ಪ್ರತಿಸ್ಪರ್ಧಿ ಸೆಳೆಯುತ್ತಿದೆಯೆಂಬ ದಾವೆಯನ್ನು ವಜಾ ಮಾಡಿತು. ಕರಾರು ಮುರಿದವನ ವಿರುದ್ಧ ಕರಾರು ಕಾಯಿದೆಯಲ್ಲಿಯೇ ಪರಿಹಾರವಿದೆ, ವ್ಯಾಪಾರದ ಪೈಪೋಟಿಯನ್ನು ಈ ಬಗೆಯ ದಾವೆಗಳಿಂದ ಕಟ್ಟಿಹಾಕಲಾಗದು ಎಂಬುದು ಅದರ ಧೋರಣೆ. (ಅಂದು ಕಾದಾಡಿದ ಆ ಎರಡು ಸಂಸ್ಥೆಗಳು 2023ರಲ್ಲಿ ವಿಲೀನಗೊಂಡು ಒಂದೇ ಆದವು. ವ್ಯಾಪಾರದಲ್ಲಿ ಹಗೆತನಕ್ಕೆ ಆಯುಸ್ಸು ಕಡಿಮೆ!) ಗೌರವಪೂರ್ವಕವಾಗಿ ಹೇಳುವುದಾದರೆ, ಈ ಧೋರಣೆಯನ್ನು ಎಲ್ಲ ಸಂದರ್ಭಗಳಿಗೂ ವಿಸ್ತರಿಸುವುದನ್ನು ನಾನು ಒಪ್ಪಲಾರೆ. ಕಾರಣವು ಕಾಲಮಿತಿ ಕಾಯಿದೆ, 1963ರ ಅನುಸೂಚಿಯಲ್ಲಿದೆ. ಅದರ 78ನೇ ಅನುಚ್ಛೇದವು, ದಾವೆದಾರನೊಡನೆ ಮಾಡಿಕೊಂಡ ಕರಾರನ್ನು ಮುರಿಯುವಂತೆ ಒಬ್ಬನನ್ನು ಪ್ರೇರೇಪಿಸಿದುದಕ್ಕಾಗಿ ಪರಿಹಾರ ಕೋರುವ ದಾವೆಗೆ ಒಂದು ವರ್ಷದ ಅವಧಿಯನ್ನು ಗೊತ್ತುಪಡಿಸುತ್ತದೆ. 1908ರ ಹಳೆಯ ಕಾಲಮಿತಿ ಕಾಯಿದೆಯಲ್ಲಿಯೂ ಇಂತಹುದೇ ಅನುಚ್ಛೇದವಿತ್ತು. ಕಾಲಮಿತಿ ಕಾಯಿದೆ ತಾನಾಗಿ ಹಕ್ಕನ್ನು ಸೃಷ್ಟಿಸುವುದಿಲ್ಲವೆಂಬ ಆಕ್ಷೇಪಣೆ ನಿಜ. ಆದರೆ ಇಲ್ಲದ ದಾವೆಗೆ ಸಂಸತ್ತು ಅವಧಿಯನ್ನು ಏಕೆ ನಿಗದಿಪಡಿಸೀತು? ಹುಟ್ಟದ ಮಗುವಿಗೆ ಯಾರೂ ಕುಲಾವಿ ಹೊಲಿಸುವುದಿಲ್ಲ. ಅದೂ ಅಲ್ಲದೆ, ಜಾಗದ ಮಾಲೀಕರನ್ನು ಹೆಚ್ಚಿನ ಬಾಡಿಗೆಯಿಂದ ಸೆಳೆಯುವುದು ಬೇರೆ. ಮಾರಾಟವಾಗಿ ಹೋದ, ಒಂದೇ ಒಂದಿರುವ ವಸ್ತುವನ್ನು ಸುಳ್ಳು ಹೇಳಿ ಕಸಿಯುವುದು ಬೇರೆ. ಮೊದಲನೆಯದು ಪೈಪೋಟಿ, ಎರಡನೆಯದು ಅಲ್ಲ.

ಕರಾರು ಏರ್ಪಡುವ ಮೊದಲು ನಡೆಯುವ ಪೈಪೋಟಿಗೆ ನಾನು ವಿರೋಧಿಯಲ್ಲ. ಚೀನಾದ ಚಹಾ ಸಾಗಣೆಯಲ್ಲಿ ಹಡಗು ಕಂಪನಿಗಳ ಕೂಟವೊಂದು ದರ ಇಳಿಸಿ, ರಿಯಾಯಿತಿ ಕೊಟ್ಟು ಮೊಗಲ್ ಎಂಬ ಹಡಗು ಕಂಪನಿಯನ್ನು ಹೊರದೂಡಿದಾಗ ಅದು ಅಪಕೃತ್ಯವಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿತ್ತು. ಮಾತುಕತೆ ನಡೆಯುತ್ತಿರುವಾಗ ಹೆಚ್ಚು ಬೆಲೆ ಕೊಟ್ಟು ಒಯ್ದವನನ್ನು ಶಪಿಸಬಹುದೇ ಹೊರತು ನ್ಯಾಯಾಲಯಕ್ಕೆ ಎಳೆಯಲಾಗದು. ಅವನು ಬೆದರಿಕೆ, ವಂಚನೆ ಮೊದಲಾದ ಅಕ್ರಮ ಮಾರ್ಗವನ್ನು ಹಿಡಿದಿದ್ದರೆ ಮಾತ್ರ ವಿಷಯ ಬೇರೆ.

ಹೀಗಿರುವಾಗ ಕೊಂಡವನು ಮೊದಲು ಮಾಡಬೇಕಾದುದೇನು? ನನ್ನ ಅಭಿಪ್ರಾಯದಲ್ಲಿ, ಮಾರಿದವನಿಗೆ ಕೋಪದ ಸಂದೇಶಗಳನ್ನು ಕಳುಹಿಸುವುದಂತೂ ಅಲ್ಲ. ಮೂರನೆಯವನು ಯಾರೆಂದು ತಿಳಿದ ಗಂಟೆಯಲ್ಲಿಯೇ ಅವನಿಗೆ ಲಿಖಿತ ತಿಳಿವಳಿಕೆ ಕೊಡಬೇಕು: ಇಂತಹ ದಿನ, ಇಂತಹ ಬೆಲೆಗೆ, ಈ ವಸ್ತುವನ್ನು ನಾನು ಕೊಂಡಿದ್ದೇನೆ; ಹಣ ಸಂದಿದೆ; ನೀವು ಇದನ್ನು ಪಡೆಯಬಾರದು. ವಕೀಲರ ನೋಟೀಸು ಆಮೇಲೆ ಹೋಗಲಿ. ಇ-ಮೇಲ್ ಮತ್ತು ವಾಟ್ಸಾಪ್ ಸಂದೇಶ ಈಗಲೇ ಹೋಗಲಿ. ಇದರ ಪ್ರಯೋಜನ ಎರಡು ಬಗೆಯದು. ಗೈನಂತೆ ‘ನನಗೆ ತಿಳಿದಿರಲಿಲ್ಲ’ ಎನ್ನುವ ಬಾಗಿಲು ಅಂದಿನಿಂದ ಮುಚ್ಚುತ್ತದೆ. ಇನ್ನೊಂದು ಪ್ರಯೋಜನ ಇದಕ್ಕಿಂತ ಬೆಲೆಬಾಳುವಂಥದು. ಸರಕು ಮಾರಾಟ ಕಾಯಿದೆಯ 30ನೇ ಕಲಮಿನಂತೆ, ಮಾರಿದ ಸರಕು ಮಾರಿದವನ ವಶದಲ್ಲಿಯೇ ಉಳಿದಿದ್ದು, ಹಿಂದಿನ ಮಾರಾಟದ ತಿಳಿವಳಿಕೆಯಿಲ್ಲದೆ ಸದ್ಭಾವದಿಂದ ಅದನ್ನು ಪಡೆದ ಎರಡನೆಯ ಖರೀದಿದಾರನಿಗೆ ನಿರ್ದೋಷವಾದ ಒಡೆತನ ದೊರೆತುಬಿಡುತ್ತದೆ. ನಿರ್ದಿಷ್ಟ ಪರಿಹಾರ ಕಾಯಿದೆಯ 19ನೇ ಕಲಂ ಸಹ, ಮೂಲ ಕರಾರಿನ ತಿಳಿವಳಿಕೆಯಿಲ್ಲದೆ ಸದ್ಭಾವದಿಂದ ಹಣ ಕೊಟ್ಟು ಪಡೆದವನನ್ನು ರಕ್ಷಿಸುತ್ತದೆ. ತಿಳಿವಳಿಕೆ ತಲುಪಿದ ಮೇಲೆ ಪಡೆದವನಿಗೆ ಈ ಎರಡೂ ರಕ್ಷಣೆಗಳಿಲ್ಲ. ವಸ್ತು ಅವನ ಕಪಾಟಿನಲ್ಲಿದ್ದರೂ ಅದನ್ನು ಹಿಂದಕ್ಕೆ ತರಿಸಬಹುದು. ಕಾಸು ಖರ್ಚಿಲ್ಲದ ಒಂದು ಸಂದೇಶವು ವರ್ಷಗಟ್ಟಲೆಯ ದಾವೆಗಿಂತ ಹೆಚ್ಚು ಕೆಲಸ ಮಾಡುವ ಪ್ರಸಂಗ ಕಾನೂನಿನಲ್ಲಿ ವಿರಳ. ಇದು ಅಂಥದೊಂದು.

ಹಿಂದಿರುಗಿದ ಹಣದ ಬಗ್ಗೆಯೂ ಎಚ್ಚರ ಅಗತ್ಯ. ಕೇಳದೆಯೇ ಖಾತೆಗೆ ಬಂದು ಬಿದ್ದ ಹಣವನ್ನು ಮೌನವಾಗಿ ಇಟ್ಟುಕೊಂಡರೆ, ರದ್ದತಿಯನ್ನು ನೀವೇ ಒಪ್ಪಿಕೊಂಡಿರೆಂದು ಎದುರು ಪಕ್ಷ ವಾದಿಸುತ್ತದೆ. ನಿರ್ದಿಷ್ಟ ಪಾಲನೆ ಕೋರುವವನು ತಾನು ಸದಾ ಸಿದ್ಧನಿದ್ದೆ ಎಂಬುದನ್ನು ಸಾಬೀತುಪಡಿಸಬೇಕೆಂದು 16ನೇ ಕಲಂ ವಿಧಿಸುತ್ತದೆ. ಆದ್ದರಿಂದ ರದ್ದತಿ ಒಪ್ಪಿಗೆಯಿಲ್ಲ, ವಸ್ತು ಕೊಟ್ಟೊಡನೆ ಹಣ ಮತ್ತೆ ಸಲ್ಲಿಸಲು ಸಿದ್ಧ ಎಂದು ಅಂದೇ ಬರೆದು, ಆ ಮೊತ್ತವನ್ನು ಖಾತೆಯಲ್ಲಿ ಕಾಣುವಂತೆ ಇರಿಸಬೇಕು. ಬ್ಯಾಂಕಿನ ವಿವರಪಟ್ಟಿ ಇದಕ್ಕೆ ಸಾಕ್ಷಿ ನುಡಿಯುತ್ತದೆ. ತದನಂತರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ತಾತ್ಕಾಲಿಕ ತಡೆಯಾಜ್ಞೆಯನ್ನು ಕೋರಿ, ವಸ್ತುವನ್ನು ಬೇರೆಯವರಿಗೆ ಸಾಗಿಸದಂತೆ ತಡೆಯಬೇಕು. ವಸ್ತು ಹತ್ತು ಕೈ ದಾಟಿದ ಮೇಲೆ ಸಿಗುವ ಡಿಕ್ರಿ ಚೌಕಟ್ಟು ಹಾಕಿಸಲು ಮಾತ್ರ ಯೋಗ್ಯ.

‘ಮೋಸಗಾರ’ ಎಂಬ ಮಾತಿಗೆ ಪ್ರತ್ಯೇಕ ಪರಿಹಾರವಿದೆ. ಅದು ಸುಳ್ಳಾಗಿದ್ದರೆ ಮಾನಹಾನಿ. ಸಿವಿಲ್ ದಾವೆಗೆ ಇಲ್ಲಿಯೂ ಒಂದೇ ವರ್ಷ. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಇದು ಅಪರಾಧವೂ ಹೌದು. ಆದರೆ ಕೇಳುವವನ ಹಿತಕ್ಕಾಗಿ ಸದ್ಭಾವದಿಂದ ಕೊಟ್ಟ ಎಚ್ಚರಿಕೆಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಎಚ್ಚರಿಕೆ ಕೊಟ್ಟವನೇ ಮರುಗಳಿಗೆಯಲ್ಲಿ ಹೆಚ್ಚಿನ ಬೆಲೆ ಕೂಗಿದ್ದರೆ ಆ ಸದ್ಭಾವವನ್ನು ನಂಬುವುದು ಕಷ್ಟ.

ಅಡ್ಡಿಪಡಿಸಿದವನು ನಿಮ್ಮ ಖಾತೆಯೊಳಗೇ ಅನಧಿಕೃತವಾಗಿ ಪ್ರವೇಶಿಸಿ ಬೇಡಿಕೆಯನ್ನು ರದ್ದುಗೊಳಿಸಿದ್ದರೆ ದಾರಿ ಬೇರೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೇ ಕಲಮಿನಂತೆ ಪರಿಹಾರ ಕೋರಿ, 5 ಕೋಟಿ ರೂಪಾಯಿಯವರೆಗಿನ ಕ್ಲೇಮನ್ನು ಆ ಕಾಯಿದೆಯಡಿಯ ನ್ಯಾಯನಿರ್ಣಯಾಧಿಕಾರಿಯ ಮುಂದೆ ಸಲ್ಲಿಸಬಹುದು. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ಆ ಅಧಿಕಾರಿ. ಹಣವೇ ಮಾಯವಾಗಿದ್ದರೆ ಮೊದಲು 1930 ಸಹಾಯವಾಣಿಗೆ ಕರೆ ಮಾಡಬೇಕು, ಚರ್ಚೆ ಅನಂತರ.

ಹರಾಜಿನಲ್ಲಿ ಅತಿಯಾದ ಸವಾಲು ಕೂಗಿ ಗೆದ್ದು ಹಣ ಕೊಡದೆ ಮರೆಯಾಗುವವರು ಇನ್ನೊಂದು ಬಗೆಯ ಕಂಟಕರು. ಇಲ್ಲಿ ಎರಡನೆಯ ಸವಾಲುದಾರನಿಗೆ ಕರಾರೇ ಹುಟ್ಟಿರುವುದಿಲ್ಲ. ಕಾನೂನು ಅವನ ಕೈ ಹಿಡಿಯುವುದು ಕಷ್ಟ. ಬೆಲೆ ಏರಿಸಲೆಂದು ಮಾರುವವನೇ ನಕಲಿ ಸವಾಲುದಾರರನ್ನು ನಿಲ್ಲಿಸಿದ್ದರೆ ಮಾತ್ರ, 64ನೇ ಕಲಮಿನ ಮೇರೆಗೆ, ಕೊಂಡವನು ಮಾರಾಟವನ್ನು ಅಸಿಂಧುಗೊಳಿಸಬಹುದು.

ನ್ಯಾಯಾಲಯದ ಮೆಟ್ಟಿಲೇರುವ ಮೊದಲು ನಮ್ಮ ಕೈ ಶುದ್ಧವಿದೆಯೇ ಎಂದೂ ನೋಡಿಕೊಳ್ಳಬೇಕು. ಟಿಪ್ಪುವಿನ ಕಾಲದ ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯ ನೂರು ವರ್ಷ ಮೀರಿದ್ದು. 1972ರ ಪುರಾವಸ್ತು ಕಾಯಿದೆಯಡಿ ಅದು ಪುರಾವಸ್ತು. ಅದನ್ನು ವ್ಯಾಪಾರವಾಗಿ ಮಾರುವವನಿಗೆ ಪರವಾನಗಿ ಬೇಕು. ದೇಶದಿಂದ ಹೊರಗೆ ಕಳುಹಿಸುವುದು ಖಾಸಗಿಯವರಿಗೆ ನಿಷಿದ್ಧ. ಹಳೆಯ ದಂತದ ಕೆತ್ತನೆಗಳ ಕ್ರಯವಿಕ್ರಯವಂತೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಂಗಣ್ಣಿಗೆ ಗುರಿ. ಉದ್ದೇಶ ಕಾನೂನುಬಾಹಿರವಾದ ಕರಾರು 23ನೇ ಕಲಮಿನಂತೆ ಶೂನ್ಯ. ಅದನ್ನು ಮುರಿಸಿದವನ ಮೇಲೆ ದಾವೆಯೂ ಇಲ್ಲ. ಕಳವಾದ ವಸ್ತುವೆಂದು ನಿಜವಾದ ಒಡೆಯನೇ ಮಾರಾಟವನ್ನು ತಡೆದಿದ್ದರೆ ಅವನು ಅಡ್ಡಿಪಡಿಸಿದವನಲ್ಲ, ತನ್ನ ಹಕ್ಕನ್ನು ಕಾಪಾಡಿಕೊಂಡವನು.

ಗ್ರಾಹಕ ಆಯೋಗದ ಮಾರ್ಗವನ್ನು ಅನೇಕರು ಮೊದಲು ನೆನೆಯುತ್ತಾರೆ. 2019ರ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದು, ಎರಡು ವರ್ಷ ಕಾಲಾವಕಾಶವಿದೆ, ಎಂಬುದು ದೊಡ್ಡ ಅನುಕೂಲ. ಆದರೆ ಅಲ್ಲಿ ಸಿಗುವುದು ಮಾರಾಟಗಾರ ಮತ್ತು ಜಾಲತಾಣ ಮಾತ್ರ. ಮೂರನೆಯವನು ಅಲ್ಲಿಗೆ ಬರುವುದಿಲ್ಲ. ತನ್ನ ಮನೆಯ ಒಂದು ಹಳೆಯ ವಸ್ತುವನ್ನು ಒಮ್ಮೆ ಮಾರಿದ ಗೃಹಸ್ಥನನ್ನು ‘ವ್ಯಾಪಾರಿ’ ಎನ್ನುವುದೂ ಸುಲಭವಲ್ಲ. ಇದಕ್ಕಿಂತ ಮುಖ್ಯವಾದ ತೊಡಕನ್ನು ನಾವು ಲೆಕ್ಕಪರಿಶೋಧಕರು ಪ್ರತಿ ವರ್ಷ ಕಣ್ಣಾರೆ ಕಾಣುತ್ತೇವೆ. ಮಾಲೀಕರು ತಮ್ಮ ಸ್ವಂತ ಹವ್ಯಾಸದ ಖರೀದಿಗೆ ಅಂಗಡಿಯ ಚಾಲ್ತಿ ಖಾತೆಯಿಂದ ಹಣ ಕೊಟ್ಟಿರುತ್ತಾರೆ. ಗುಮಾಸ್ತ ಅದನ್ನು ‘ಖರೀದಿ’ ಅಥವಾ ‘ಕಚೇರಿ ವೆಚ್ಚ’ ಎಂದು ಬರೆದಿರುತ್ತಾನೆ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯೂ ಇರುತ್ತದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಎದುರು ವಕೀಲರು ಆ ಒಂದು ನಮೂದನ್ನು ತೋರಿಸಿದರೆ ದೂರು ಅಲ್ಲಿಗೆ ನಿಲ್ಲಬಹುದು. ಸ್ವಂತದ ಖರೀದಿಗೆ ಉಳಿತಾಯ ಖಾತೆಯಿಂದ ಹಣ ಕೊಡಿ, ಇಲ್ಲವೇ ಪುಸ್ತಕದಲ್ಲಿ ಸ್ವಂತದ ಹಿಂಪಡೆತವೆಂದು ತೋರಿಸಿ ಎಂದು ನಾವು ಹೇಳುವುದು ಆದಾಯ ತೆರಿಗೆಯ ಭಯದಿಂದ ಮಾತ್ರವಲ್ಲ.

ಸಂದೇಶಗಳ ಪರದೆಯ ಚಿತ್ರ ತೆಗೆದುಕೊಂಡರೆ ಸಾಕ್ಷ್ಯ ಸಿದ್ಧವಾಯಿತೆಂದು ಭಾವಿಸುವುದೂ ತಪ್ಪು. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಮೊಕದ್ದಮೆಯಲ್ಲಿ ಹೇಳಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದೇ ವಿಷಯವನ್ನು ನಿಯಂತ್ರಿಸುತ್ತದೆ. ಸಂದೇಶಗಳಿರುವ ಮೂಲ ದೂರವಾಣಿಯನ್ನು ಮಾರಬೇಡಿ, ಮಕ್ಕಳ ಆಟಕ್ಕೂ ಕೊಡಬೇಡಿ. ಬೆಲೆಯ ಪುರಾವೆಗಾಗಿ, ಅದೇ ಬಗೆಯ, ಅದೇ ಸ್ಥಿತಿಯ ವಸ್ತುಗಳು ಇತ್ತೀಚಿನ ಹರಾಜುಗಳಲ್ಲಿ ಪಡೆದ ಬೆಲೆಯ ಪಟ್ಟಿಗಳನ್ನು ಕರಾರು ಮುರಿದ ದಿನದ ಆಸುಪಾಸಿನಲ್ಲಿಯೇ ಸಂಗ್ರಹಿಸಿಡಬೇಕು. ಎರಡು ವರ್ಷದ ಅನಂತರ ಅವು ಕೈಗೆ ಸಿಗುವ ಭರವಸೆಯಿಲ್ಲ.

ಇನ್ನು ಅವಧಿಯ ಲೆಕ್ಕ. ಮಾರಿದವನ ಮೇಲಿನ ದಾವೆಗೆ ಮೂರು ವರ್ಷವಿದೆಯೆಂದು ನಿಶ್ಚಿಂತರಾಗಿದ್ದವರು, ಮೂರನೆಯವನ ಮೇಲಿನ ದಾವೆ ಒಂದೇ ವರ್ಷಕ್ಕೆ ಕಾಲವಾಗುವುದನ್ನು ಮರೆಯುತ್ತಾರೆ. ಆ ವರ್ಷ ಆರಂಭವಾಗುವುದು ಕರಾರು ಮುರಿದ ದಿನದಿಂದ. ನಮ್ಮ ಪ್ರಸಂಗದಲ್ಲಿ, “ವಸ್ತು ಲಭ್ಯವಿಲ್ಲ” ಎಂಬ ಸಾಲು ಬಂದ ಬೆಳಗಿನಿಂದ. ನೋಟೀಸಿಗೆ ಉತ್ತರ ಬರಲೆಂದು ಕಾಯುವ ದಿನಗಳು ಅದರಲ್ಲಿ ಕಳೆದುಹೋಗುವುದಿಲ್ಲ. ಎರಡೂ ಕಡೆಯವರು ವರ್ತಕರಾಗಿದ್ದು, ಮೊತ್ತ 3 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟು, ವಿವಾದ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯ ವ್ಯಾಪ್ತಿಗೆ ಬಂದರೆ ಮಾತ್ರ, ದಾವೆಗೆ ಮೊದಲಿನ ಕಡ್ಡಾಯ ಮಧ್ಯಸ್ಥಿಕೆಯಲ್ಲಿ ಕಳೆದ ಕಾಲವನ್ನು ಅವಧಿಯಿಂದ ಬಿಡಲಾಗುತ್ತದೆ; ತುರ್ತು ತಡೆಯಾಜ್ಞೆ ಬೇಕಾದವರು ಆ ಮಧ್ಯಸ್ಥಿಕೆಗೆ ಹೋಗದೆ ನೇರವಾಗಿ ದಾವೆ ಹೂಡಲು ಅವಕಾಶವಿದೆ.